ಲಾಡಿಹುಳುವಿನ ಗುರುತು ಹಿಡಿದ ಕಥೆ

ಮನುಷ್ಯನ ಕರುಳಿನಲ್ಲಿ ಬೆಳೆಯುವ ಹುಳುಗಳಲ್ಲಿ ಲಾಡಿಹುಳುವಿನಷ್ಟು ಉದ್ದನೆಯದು ಬೇರೊಂದಿಲ್ಲ. ಲಂಗಕ್ಕೂ ಪೈಜಾಮಕ್ಕೂ ಪೋಣಿಸುವ ಲಾಡಿಯ ಹಾಗೆ ಬೆಳ್ಳಗೆ, ಚಪ್ಪಟೆಯಾಗಿ, ಮೀಟರುಗಟ್ಟಲೆ ಬೆಳೆಯುವುದರಿಂದ ಕನ್ನಡದಲ್ಲಿ ಅದಕ್ಕೆ ಈ ಹೆಸರು. ಅದಕ್ಕೆ ಬಾಯಿಲ್ಲ, ಹೊಟ್ಟೆಯಿಲ್ಲ. ನಾವು ಜೀರ್ಣಿಸಿಕೊಂಡ ಆಹಾರವನ್ನೇ ಮೈಯ ಚರ್ಮದಿಂದ ಹೀರಿಕೊಂಡು ಬದುಕುತ್ತದೆ. ಗುಂಡುಸೂಜಿಯ ತಲೆಯಷ್ಟು ಚಿಕ್ಕ ತಲೆ ಕರುಳಿನ ಗೋಡೆಗೆ ಅಂಟಿಕೊಂಡಿರುತ್ತದೆ. ಅದರ ಹಿಂದಿನ ಕುತ್ತಿಗೆಯಲ್ಲಿ ಹೊಸ ಹೊಸ ಖಂಡಗಳು ಹುಟ್ಟಿ, ಹಳೆಯವು ಹಿಂದಕ್ಕೆ ಸರಿಯುತ್ತಾ ಬಲಿತು, ಕೊನೆಗೆ ಮೊಟ್ಟೆ ತುಂಬಿಕೊಂಡು ಕಳಚಿ ಮಲದೊಂದಿಗೆ ಹೊರಬೀಳುತ್ತವೆ. ಪ್ರತಿ ಖಂಡದಲ್ಲೂ ಗಂಡು, ಹೆಣ್ಣು ಎರಡೂ ಅಂಗಗಳಿರುತ್ತವೆ.

ಮನುಷ್ಯನಲ್ಲಿ ಹೆಚ್ಚಾಗಿ ಕಾಣುವವು ಹಂದಿಮಾಂಸದಿಂದ ಬರುವ ಟೀನಿಯಾ ಸೋಲಿಯಂ, ದನದ ಮಾಂಸದಿಂದ ಬರುವ ಟೀನಿಯಾ ಸ್ಯಾಜಿನಾಟಾ, ಸಿಹಿನೀರಿನ ಮೀನಿನಿಂದ ಬರುವ ಅಗಲ ಲಾಡಿಹುಳು, ಮಕ್ಕಳಲ್ಲಿ ಹೆಚ್ಚಾಗಿರುವ ಕುಬ್ಜ ಲಾಡಿಹುಳು. ಇವು ಬೇರೆ ಬೇರೆ ಜಾತಿಗಳೆಂದು ತಿಳಿಯಲು ಮನುಷ್ಯನಿಗೆ ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು. ಅದರಲ್ಲೂ ಮೊದಲ ಎರಡನ್ನು ಬೇರ್ಪಡಿಸುವ ಕೆಲಸ ಎಲ್ಲಕ್ಕಿಂತ ಕಷ್ಟದ್ದಾಗಿತ್ತು, ಎಲ್ಲಕ್ಕಿಂತ ಮುಖ್ಯವಾದದ್ದೂ ಅದೇ. ಹಂದಿಯ ಲಾಡಿಹುಳುವಿನ ಮೊಟ್ಟೆ ಮನುಷ್ಯನ ಹೊಟ್ಟೆ ಸೇರಿದರೆ ಮರಿ ಮಿದುಳಿಗೆ ಹೋಗಿ ಕೂರಬಲ್ಲದು. ದನದ ಲಾಡಿಹುಳುವಿನಿಂದ ಆ ಅಪಾಯವಿಲ್ಲ.

ಹುಳು ಕಣ್ಣಿಗೆ ಬಿದ್ದದ್ದು ಬಹಳ ಹಿಂದೆಯೇ. ಕ್ರಿಸ್ತಪೂರ್ವ 1550ರ ಸುಮಾರಿನ ಈಜಿಪ್ಟಿನ ಎಬರ್ಸ್ ಪಪೈರಸ್‌ನಲ್ಲಿ ಹೊಟ್ಟೆಹುಳುಗಳಿಗೆ ಮದ್ದುಗಳಿವೆ. ಚರಕಸಂಹಿತೆ 20 ಬಗೆಯ ಕ್ರಿಮಿಗಳನ್ನು ಎಣಿಸುತ್ತದೆ. ಕಫದಿಂದ ಹುಟ್ಟುವವೆಂದು ಅದು ಹೇಳುವ ಕ್ರಿಮಿಗಳಲ್ಲಿ ಕೆಲವು ಅಗಲವಾದ ತೊಗಲಿನ ಪಟ್ಟಿಯಂತೆ, ಕೆಲವು ಎರೆಹುಳುವಿನಂತೆ ಇರುತ್ತವೆ ಎಂಬ ವರ್ಣನೆ ಆಯುರ್ವೇದದ ಗ್ರಂಥಗಳಲ್ಲಿ ಬರುತ್ತದೆ. ತೊಗಲಿನ ಪಟ್ಟಿ ಎಂಬ ಹೋಲಿಕೆ ಕನ್ನಡದ ಲಾಡಿಗೆ ಎಷ್ಟು ಹತ್ತಿರವಾಗಿದೆ! ಅರಬ್ ವೈದ್ಯರು ಮಲದಲ್ಲಿ ಕಂಡ ಬಿಡಿ ಖಂಡಗಳನ್ನು ಕುಂಬಳದ ಜಾತಿಯ ಬೀಜಗಳಿಗೆ ಹೋಲಿಸಿದರು. ಆ ಹೋಲಿಕೆ ಲ್ಯಾಟಿನ್ನಿಗೂ ಹೋಗಿ, ಯುರೋಪಿನ ವೈದ್ಯರು ಶತಮಾನಗಳವರೆಗೆ ಉದ್ದನೆಯ ಹುಳುವನ್ನೂ ಬೀಜದಂಥ ಹುಳುವನ್ನೂ ಎರಡು ಬೇರೆ ಪ್ರಾಣಿಗಳೆಂದೇ ಎಣಿಸಿದರು. ಬೀಜದಂಥ ಹುಳುಗಳು ಒಂದಕ್ಕೊಂದು ಕೈಹಿಡಿದು ಸರಪಳಿಯಾಗಿ ನಿಂತದ್ದೇ ಉದ್ದನೆಯ ಹುಳು ಎಂದು ವಾದಿಸಿದವರೂ ಇದ್ದರು.

ಹಂದಿಯ ಮಾಂಸದಲ್ಲಿ ಕಾಣುವ ಅಕ್ಕಿಕಾಳಿನಂಥ ಗುಳ್ಳೆಗಳ ಪರಿಚಯವೂ ಹಳೆಯದೇ. ಅರಿಸ್ಟಾಟಲ್ ಅವನ್ನು ಆಲಿಕಲ್ಲಿಗೆ ಹೋಲಿಸಿದ್ದ. ಹಂದಿಯ ನಾಲಿಗೆಯನ್ನು ಎಳೆದು ನೋಡಿ ರೋಗವಿದೆಯೇ ಎಂದು ಪರೀಕ್ಷಿಸುವ ರೂಢಿಯ ಪ್ರಸ್ತಾಪ ಅರಿಸ್ಟೋಫನೀಸನ ನಾಟಕದಲ್ಲಿಯೇ ಇದೆ. ಆದರೆ ಹಂದಿಯ ಮೈಯ ಗುಳ್ಳೆಗೂ ಮನುಷ್ಯನ ಕರುಳಿನ ಲಾಡಿಗೂ ನಂಟಿದೆ ಎಂಬ ಯೋಚನೆ ಹತ್ತೊಂಬತ್ತನೆಯ ಶತಮಾನದವರೆಗೂ ಗಟ್ಟಿಯಾಗಿ ಯಾರಿಗೂ ಹೊಳೆಯಲಿಲ್ಲ.

ಲಾಡಿಹುಳು ಒಂದೇ ಪ್ರಾಣಿಯೋ ಪ್ರಾಣಿಗಳ ಸರಪಳಿಯೋ ಎಂಬ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಅದರ ತಲೆ ಸಿಗಬೇಕಿತ್ತು. 1683ರಲ್ಲಿ ಲಂಡನ್ನಿನ ವೈದ್ಯ ಎಡ್ವರ್ಡ್ ಟೈಸನ್ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಲಾಡಿಹುಳುವಿನ ಅಂಗರಚನೆಯನ್ನು ವಿವರಿಸಿ, ಸೂಕ್ಷ್ಮದರ್ಶಕದಲ್ಲಿ ಕಂಡ ಕೊಕ್ಕೆಗಳುಳ್ಳ ತಲೆಯ ಚಿತ್ರವನ್ನೂ ಕೊಟ್ಟ. 1700ರಲ್ಲಿ ಪ್ಯಾರಿಸ್ಸಿನ ನಿಕೋಲಾ ಆಂಡ್ರಿ ಮನುಷ್ಯನ ಹುಳುಗಳ ಬಗ್ಗೆಯೇ ಒಂದು ಪುಸ್ತಕ ಬರೆದ. ಒಬ್ಬ ಮನುಷ್ಯನಲ್ಲಿ ಒಂದೇ ಲಾಡಿಹುಳು ಇರುತ್ತದೆಂದು ಆತ ನಂಬಿದ್ದ. ಫ್ರೆಂಚರಲ್ಲಿ ಇಂದಿಗೂ ಅದು 'ಒಂಟಿ ಹುಳು'.

ಕಣ್ಣಿಗೆ ಸುಲಭವಾಗಿ ಬೇರೆಯಾಗಿ ಕಂಡದ್ದು ಮೀನಿನ ಲಾಡಿಹುಳು. ಅದರ ಖಂಡಗಳು ಉದ್ದಕ್ಕಿಂತ ಅಗಲ ಹೆಚ್ಚು, ಜೊತೆಗೆ ಪ್ರತಿ ಖಂಡದ ನಡುವೆ ಗರ್ಭಕೋಶ ಸುರುಳಿಯಾಗಿ ಹೂವಿನಂತೆ ಕಾಣುತ್ತದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ವೈದ್ಯ ಫೆಲಿಕ್ಸ್ ಪ್ಲಾಟರ್ ಹದಿನೇಳನೆಯ ಶತಮಾನದ ಮೊದಲಲ್ಲೇ ಇದು ಬೇರೆ ಹುಳುವೆಂದು ಗುರುತಿಸಿದ. ಸರೋವರಗಳ ನಾಡಿನ ವೈದ್ಯನಿಗೆ ಎರಡೂ ಬಗೆಯ ಹುಳುಗಳನ್ನು ನೋಡುವ ಅವಕಾಶ ಇದ್ದದ್ದು ಇದಕ್ಕೆ ಅನುಕೂಲವಾಯಿತು. 1758ರಲ್ಲಿ ಲಿನ್ನೇಯಸ್ ಪ್ರಾಣಿಗಳಿಗೆ ಎರಡು ಪದದ ಹೆಸರಿಡುವಾಗ ಟೀನಿಯಾ ಸೋಲಿಯಂ, ಟೀನಿಯಾ ಲೇಟಾ ಎಂಬ ಹೆಸರುಗಳನ್ನು ಕೊಟ್ಟ. ಲೇಟಾ ಎಂದರೆ ಅಗಲವಾದದ್ದು, ಅದೇ ಮೀನಿನ ಹುಳು. ಆದರೆ ಸೋಲಿಯಂ ಎಂಬ ಹೆಸರಿನೊಳಗೆ ಹಂದಿಯ ಹುಳುವೂ ದನದ ಹುಳುವೂ ಒಟ್ಟಿಗೆ ಸೇರಿಹೋಗಿದ್ದವು.

ಇವೆರಡನ್ನು ಮೊದಲು ಬಿಡಿಸಿದವನು ವೈದ್ಯನಲ್ಲ, ಒಬ್ಬ ಪಾದ್ರಿ. ಜರ್ಮನಿಯ ಕ್ವೆಡ್ಲಿನ್‌ಬರ್ಗ್ ಊರಿನ ಯೋಹಾನ್ ಆಗಸ್ಟ್ ಎಫ್ರಾಯಿಂ ಗೋಜ್ ಪ್ರಾಣಿಗಳ ಕರುಳುಹುಳುಗಳ ಬಗ್ಗೆ 1782ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥದಲ್ಲಿ ಟೀನಿಯಾ ಸ್ಯಾಜಿನಾಟಾ ಎಂಬ ಹೊಸ ಹೆಸರು ಬಂತು. ಕೊಬ್ಬಿದ ಹುಳು ಎಂದು ಅದರ ಅರ್ಥ. ಖಂಡಗಳು ದಪ್ಪಗೆ, ತುಂಬಿಕೊಂಡಂತೆ ಇರುವುದರಿಂದ. ಹಂದಿಯ ಮಾಂಸದ ಗುಳ್ಳೆಯೊಳಗೆ ಮುದುಡಿಕೊಂಡಿರುವ ತಲೆಗೂ ಲಾಡಿಹುಳುವಿನ ತಲೆಗೂ ಇರುವ ಹೋಲಿಕೆಯನ್ನೂ ಗೋಜ್ ಗಮನಿಸಿದ್ದ. ಅಷ್ಟು ಹತ್ತಿರ ಬಂದರೂ ಮುಂದಿನ ಎಪ್ಪತ್ತು ವರ್ಷ ಆ ಎಳೆಯನ್ನು ಯಾರೂ ಹಿಡಿದು ಎಳೆಯಲಿಲ್ಲ.

ಅದಕ್ಕೆ ಕಾರಣವಿದೆ. ಆ ಕಾಲದ ವರ್ಗೀಕರಣದಲ್ಲಿ ಗುಳ್ಳೆಹುಳುಗಳದೇ ಒಂದು ಪ್ರತ್ಯೇಕ ಗುಂಪಿತ್ತು. ಹಂದಿಯ ಗುಳ್ಳೆಗೆ ಸಿಸ್ಟಿಸರ್ಕಸ್ ಸೆಲ್ಯುಲೋಸೆ ಎಂಬ ಸ್ವಂತ ಹೆಸರಿತ್ತು. ದೇಹದೊಳಗಿನ ಹುಳುಗಳು ಅಲ್ಲೇ ತಾವಾಗಿ ಹುಟ್ಟುತ್ತವೆಂಬ ನಂಬಿಕೆಯೂ ಬಲವಾಗಿತ್ತು. 1842ರಲ್ಲಿ ಡೆನ್ಮಾರ್ಕಿನ ಯಾಪೆಟಸ್ ಸ್ಟೀನ್‌ಸ್ಟ್ರುಪ್ ಕೆಲವು ಪ್ರಾಣಿಗಳಲ್ಲಿ ತಾಯಿಗೂ ಮರಿಗೂ ರೂಪದಲ್ಲಿ ಹೋಲಿಕೆಯೇ ಇರುವುದಿಲ್ಲವೆಂದೂ ಒಂದು ತಲೆಮಾರು ಬಿಟ್ಟು ಮತ್ತೆ ಅದೇ ರೂಪ ಬರುತ್ತದೆಂದೂ ತೋರಿಸಿದ. ಗುಳ್ಳೆಹುಳು ಬೇರೆ ಯಾವುದೋ ಹುಳುವಿನ ಮರಿಯಾಗಿರಬಹುದು ಎಂದು ಯೋಚಿಸಲು ಆಗ ದಾರಿ ತೆರೆಯಿತು.

ಆ ದಾರಿಯನ್ನು ಕೊನೆಮುಟ್ಟಿಸಿದವನು ಸ್ಯಾಕ್ಸನಿಯ ಜಿಟ್ಟೌ ಊರಿನಲ್ಲಿ ವೈದ್ಯಕೀಯ ನಡೆಸುತ್ತಿದ್ದ ಫ್ರೆಡ್ರಿಕ್ ಕ್ಯೂಖೆನ್‌ಮೈಸ್ಟರ್. ಅವನು ಮೊದಲು ಪ್ರಾಣಿಗಳಿಂದ ತೆಗೆದ ಗುಳ್ಳೆಗಳನ್ನು ನಾಯಿಗಳಿಗೆ ತಿನ್ನಿಸಿ, ಅವುಗಳ ಕರುಳಿನಲ್ಲಿ ಲಾಡಿಹುಳು ಬೆಳೆಯುವುದನ್ನು ಕಂಡ. ಮನುಷ್ಯನ ವಿಷಯದಲ್ಲಿ ಇದು ನಿಜವೇ ಎಂದು ತಿಳಿಯಲು ಮರಣದಂಡನೆಗೆ ಗುರಿಯಾದ ಕೈದಿಯನ್ನು ಬಳಸಿಕೊಂಡ. ಶಿಕ್ಷೆ ಜಾರಿಯಾಗುವ ಮೊದಲಿನ ಕೆಲವು ದಿನ ಅವನ ಊಟದಲ್ಲಿ ಹಂದಿಯ ಗುಳ್ಳೆಗಳನ್ನು ಬೆರೆಸಿ ಕೊಟ್ಟು, ಸತ್ತ ಮೇಲೆ ಕರುಳು ಕೊಯ್ದು ನೋಡಿದಾಗ ಎಳೆಯ ಲಾಡಿಹುಳುಗಳು ಹತ್ತು ಸಿಕ್ಕವು. 1855ರಲ್ಲಿ ಇದನ್ನು ಪ್ರಕಟಿಸಿದ. ಟೀಕೆ ನಿಲ್ಲದಿದ್ದಾಗ ಎರಡನೆಯ ಪ್ರಯೋಗ ನಡೆಯಿತು. ಈ ಬಾರಿ ಇನ್ನೊಬ್ಬ ಕೈದಿಗೆ ಒಟ್ಟು 40 ಗುಳ್ಳೆಗಳನ್ನು ಎರಡು ಸಲವಾಗಿ ತಿನ್ನಿಸಲಾಯಿತು. 1860ರಲ್ಲಿ ಅವನ ಮರಣದಂಡನೆ ಜಾರಿಯಾದ ನಂತರ ಕರುಳಿನಲ್ಲಿ 19 ಲಾಡಿಹುಳುಗಳಿದ್ದವು, ಹಲವು ಆಗಲೇ ಬಲಿತಿದ್ದವು. ಒಬ್ಬನಲ್ಲಿ ಒಂದೇ ಹುಳುವೆಂಬ ಹಳೆಯ ನಂಬಿಕೆಯೂ ಅಂದಿಗೆ ಮುರಿದುಬಿತ್ತು.

ಇದು ಆ ಕಾಲದಲ್ಲೇ ಖಂಡನೆಗೆ ಗುರಿಯಾದ ಕೆಲಸ. ಸಾಯಲಿರುವವನ ಕಡೆಯ ಊಟವನ್ನು ಅವನಿಗೆ ತಿಳಿಸದೆ ಪ್ರಯೋಗಶಾಲೆಯಾಗಿ ಮಾಡಿಕೊಂಡದ್ದನ್ನು ಸಮರ್ಥಿಸಲು ಬರುವುದಿಲ್ಲ. ಫಲಿತಾಂಶ ಎಷ್ಟೇ ಉಪಯುಕ್ತವಾದರೂ ಆ ಕೈದಿಗಳ ಒಪ್ಪಿಗೆ ಕೇಳಿದವರಿಲ್ಲ ಎಂಬುದು ಈ ಇತಿಹಾಸದ ಭಾಗವಾಗಿಯೇ ಉಳಿಯಬೇಕು.

ಚಕ್ರದ ಇನ್ನರ್ಧವನ್ನು ಬೆಲ್ಜಿಯಂನ ಪಿಯೆರ್ ಜೋಸೆಫ್ ವಾನ್ ಬೆನೆಡೆನ್ ತೋರಿಸಿದ. 1853ರ ಸುಮಾರಿಗೆ ಅವನು ಸೋಲಿಯಂ ಹುಳುವಿನ ಮೊಟ್ಟೆಗಳನ್ನು ಹಂದಿಗೆ ತಿನ್ನಿಸಿದಾಗ ಅದರ ಮಾಂಸದ ತುಂಬ ಗುಳ್ಳೆಗಳೆದ್ದವು. 1861ರಲ್ಲಿ ರುಡಾಲ್ಫ್ ಲಾಯ್ಕಾರ್ಟ್ ಸ್ಯಾಜಿನಾಟಾದ ಮೊಟ್ಟೆಗಳನ್ನು ಕರುಗಳಿಗೆ ಕೊಟ್ಟು ಅಂಥದೇ ಫಲ ಕಂಡ. ದನದ ಗುಳ್ಳೆಯಿಂದ ಮನುಷ್ಯನಲ್ಲಿ ಹುಳು ಬೆಳೆಯುವುದನ್ನು 1869ರಲ್ಲಿ ತೋರಿಸಿದವನು ಭಾರತದಲ್ಲಿದ್ದ ಬ್ರಿಟಿಷ್ ಸೇನಾ ವೈದ್ಯ ಆಲಿವರ್. ಇಟಲಿಯ ಪೆರೊಂಚಿಟೊ 1877ರಲ್ಲಿ ಒಬ್ಬ ವಿದ್ಯಾರ್ಥಿಯ ನೆರವಿನಿಂದ ಅದನ್ನೇ ಮತ್ತೆ ದೃಢಪಡಿಸಿದ. ಹೀಗೆ ಒಂದಕ್ಕೆ ಹಂದಿ, ಇನ್ನೊಂದಕ್ಕೆ ದನ ಎಂದು ದಾರಿಗಳು ಬೇರೆಯಾದ ಮೇಲೆ ಅವು ಎರಡು ಜಾತಿಗಳೆಂಬುದರಲ್ಲಿ ಸಂಶಯ ಉಳಿಯಲಿಲ್ಲ.

ಇಂದಿಗೂ ಪಾಠಪುಸ್ತಕಗಳಲ್ಲಿರುವ ಗುರುತುಗಳು ಗಟ್ಟಿಯಾದದ್ದು ಈ ಕಾಲದಲ್ಲೇ. ಎರಡರ ತಲೆಯಲ್ಲೂ ನಾಲ್ಕು ಹೀರುಬಟ್ಟಲುಗಳಿವೆ. ಸೋಲಿಯಂನ ನೆತ್ತಿಯ ಮೇಲೆ ಎರಡು ಸುತ್ತಿನಲ್ಲಿ 22ರಿಂದ 32 ಕೊಕ್ಕೆಗಳಿರುತ್ತವೆ, ಸ್ಯಾಜಿನಾಟಾದ ತಲೆ ಬೋಳು. ತಲೆ ಸಿಗದಿದ್ದರೆ ಬಲಿತ ಖಂಡವನ್ನು ಎರಡು ಗಾಜಿನ ಪಟ್ಟಿಗಳ ನಡುವೆ ಒತ್ತಿ ಬೆಳಕಿಗೆ ಹಿಡಿಯಬೇಕು. ನಡುವಿನ ಗರ್ಭಕೋಶದ ಕಾಂಡದಿಂದ ಒಂದು ಪಕ್ಕಕ್ಕೆ ಎಷ್ಟು ಕವಲು ಒಡೆದಿವೆ ಎಂದು ಎಣಿಸಬೇಕು. ಸೋಲಿಯಂನಲ್ಲಿ 7ರಿಂದ 13, ಸ್ಯಾಜಿನಾಟಾದಲ್ಲಿ 15ಕ್ಕೂ ಹೆಚ್ಚು. ಕವಲು ಸ್ಪಷ್ಟವಾಗಿ ಕಾಣದಿದ್ದರೆ ಖಂಡದ ಅಂಚಿನ ರಂಧ್ರದಿಂದ ಸಣ್ಣ ಸೂಜಿಯಲ್ಲಿ ಕಪ್ಪು ಶಾಯಿ ಹಾಯಿಸುವುದು ರೂಢಿ. ಶಾಯಿ ತುಂಬಿದ ಗರ್ಭಕೋಶ ಎಲೆ ಉದುರಿದ ಮರದ ಹಾಗೆ ಮೂಡಿ ನಿಲ್ಲುತ್ತದೆ. ನಡವಳಿಕೆಯಲ್ಲೂ ವ್ಯತ್ಯಾಸವಿದೆ. ದನದ ಹುಳುವಿನ ಖಂಡಗಳು ಒಂಟೊಂಟಿಯಾಗಿ ತಾವೇ ತೆವಳಿಕೊಂಡು ಹೊರಬಂದು ಬಟ್ಟೆಯ ಮೇಲೂ ಕಾಣಿಸಿಕೊಳ್ಳುತ್ತವೆ. ಹಂದಿಯ ಹುಳುವಿನವು ಸದ್ದಿಲ್ಲದೆ ನಾಲ್ಕೈದು ಕೂಡಿಕೊಂಡು ಮಲದಲ್ಲಿ ಹೋಗುತ್ತವೆ. ಹೆಚ್ಚು ಅಪಾಯದ ಹುಳುವೇ ಹೆಚ್ಚು ಮೌನವಾಗಿರುವುದು ರೋಗಿಯ ದುರದೃಷ್ಟ.

ಮೀನಿನ ಲಾಡಿಹುಳುವಿನ ದಾರಿ ಕಂಡುಹಿಡಿದದ್ದು ಬಾಲ್ಟಿಕ್ ನಾಡಿನಲ್ಲಿ. ಡೋರ್ಪಾಟ್ ವಿಶ್ವವಿದ್ಯಾಲಯದ ಮ್ಯಾಕ್ಸ್ ಬ್ರೌನ್ 1880ರ ದಶಕದ ಆರಂಭದಲ್ಲಿ ಮೀನಿನ ಮಾಂಸದೊಳಗಿದ್ದ ಮರಿಗಳನ್ನು ಬೆಕ್ಕು ನಾಯಿಗಳಿಗೂ, ಒಪ್ಪಿ ಮುಂದೆ ಬಂದ ವಿದ್ಯಾರ್ಥಿಗಳಿಗೂ ತಿನ್ನಿಸಿ ಹುಳು ಬೆಳೆಯುವುದನ್ನು ತೋರಿಸಿದ. ಮೊಟ್ಟೆಯಿಂದ ಮೀನಿಗೆ ಅದು ಹೋಗುವುದು ನೀರಿನ ಸೂಕ್ಷ್ಮ ಕಠಿಣಚರ್ಮಿಯ ಮೂಲಕ ಎಂಬುದು 1917ರಲ್ಲಿ ಜಾನಿಕಿ ಮತ್ತು ರೋಸೆನ್ ಅವರಿಂದ ತಿಳಿಯಿತು. ಈ ಹುಳುವಿನ ತಲೆಯಲ್ಲಿ ಬಟ್ಟಲುಗಳಿಲ್ಲ, ಎರಡು ಸೀಳುಗಳಿವೆ. ಮೊಟ್ಟೆಗೆ ಒಂದು ತುದಿಯಲ್ಲಿ ಮುಚ್ಚಳವಿದೆ. ಹಾಗಾಗಿ ಮೊಟ್ಟೆ ನೋಡಿಯೇ ಇದನ್ನು ಹೇಳಬಹುದು. ಫಿನ್‌ಲೆಂಡಿನಲ್ಲಿ ಇದರಿಂದ ತೀವ್ರ ರಕ್ತಹೀನತೆ ಬರುತ್ತಿತ್ತು. ಹುಳು ವಿಟಮಿನ್ ಬಿ12 ಅನ್ನು ತಾನೇ ಹೀರಿಕೊಳ್ಳುವುದೇ ಕಾರಣವೆಂದು ಆಮೇಲೆ ಗೊತ್ತಾಯಿತು.

ಕುಬ್ಜ ಲಾಡಿಹುಳು ಸಿಕ್ಕದ್ದು 1851ರಲ್ಲಿ ಕೈರೋದಲ್ಲಿ, ತೀರಿಕೊಂಡ ಒಬ್ಬ ಹುಡುಗನ ಕರುಳಿನಲ್ಲಿ. ಕಂಡವನು ಥಿಯೋಡರ್ ಬಿಲ್‌ಹಾರ್ಜ್, ಮರುವರ್ಷ ವಿವರಿಸಿದವನು ಅವನ ಗುರು ಫಾನ್ ಜೀಬೋಲ್ಡ್. ಎರಡರಿಂದ ನಾಲ್ಕು ಸೆಂಟಿಮೀಟರ್ ಉದ್ದದ ಈ ಹುಳುವಿಗೆ ಮಾಂಸದ ಹಂಗೇ ಬೇಡ. ಒಬ್ಬರ ಮೊಟ್ಟೆ ಇನ್ನೊಬ್ಬರ ಬಾಯಿ ಸೇರಿದರೆ ಸಾಕು, ನೇರವಾಗಿ ಅಲ್ಲೇ ಬೆಳೆಯುತ್ತದೆ. ಇಟಲಿಯ ಗ್ರಾಸಿ 1887ರಲ್ಲಿ ಇಲಿಗಳ ಮೇಲೆ ಇದನ್ನು ತೋರಿಸಿದ. ಮನುಷ್ಯನ ಲಾಡಿಹುಳುಗಳಲ್ಲಿ ಜಗತ್ತಿನಲ್ಲೆಲ್ಲ ಅತಿ ಸಾಮಾನ್ಯವಾದದ್ದು ಇದೇ. ನಾಯಿಯ ಲಾಡಿಹುಳು ಚಿಗಟವನ್ನು ಅಕಸ್ಮಾತ್ ನುಂಗಿದ ಮಕ್ಕಳಲ್ಲಿ ಆಗೊಮ್ಮೆ ಈಗೊಮ್ಮೆ ಕಾಣುತ್ತದೆ. ಅದರ ಖಂಡ ಥೇಟ್ ಸೌತೆಬೀಜದಂತಿದ್ದು, ಎರಡು ಪಕ್ಕದಲ್ಲೂ ರಂಧ್ರವಿರುತ್ತದೆ.

ಗುರುತು ಹಿಡಿಯುವ ಕಲೆ ಮದ್ದಿನ ಇತಿಹಾಸದೊಂದಿಗೆ ಹೆಣೆದುಕೊಂಡಿದೆ, ಏಕೆಂದರೆ ಹುಳುವಿನ ತಲೆ ಕೈಗೆ ಸಿಗುವುದು ಮದ್ದು ಕೊಟ್ಟಾಗಲೇ. ಒಂದು ಜಾತಿಯ ಜರೀಗಿಡದ ಬೇರು ಗ್ರೀಕರ ಕಾಲದಿಂದ ಬಳಕೆಯಲ್ಲಿತ್ತು. ಸ್ವಿಟ್ಜರ್ಲೆಂಡಿನ ಮ್ಯಾಡಮ್ ನೂಫರ್ ಎಂಬಾಕೆ ಗುಟ್ಟಾಗಿಟ್ಟುಕೊಂಡಿದ್ದ ಲಾಡಿಹುಳುವಿನ ಮದ್ದನ್ನು ಫ್ರಾನ್ಸಿನ ಹದಿನಾರನೆಯ ಲೂಯಿ 1775ರಲ್ಲಿ 18,000 ಲಿವ್ರ್ ಕೊಟ್ಟು ಕೊಂಡು ಬಹಿರಂಗಪಡಿಸಿದಾಗ ಅದು ಇದೇ ಬೇರಿನ ಪುಡಿಯೆಂದು ತಿಳಿಯಿತು. ಇಥಿಯೋಪಿಯಾದಲ್ಲಿ ಕೊಸ್ಸೊ ಮರದ ಹೂವು. ಭಾರತದಲ್ಲಿ ದಾಳಿಂಬೆಯ ಬೇರಿನ ತೊಗಟೆ. ಯುರೋಪು ಮರೆತೇಬಿಟ್ಟಿದ್ದ ಈ ತೊಗಟೆಯ ಗುಣವನ್ನು 1805ರ ಸುಮಾರಿಗೆ ಕಲ್ಕತ್ತೆಯಲ್ಲಿದ್ದ ಬುಕಾನನ್ ಎಂಬ ವೈದ್ಯ ಇಲ್ಲಿನವರ ಬಳಕೆ ನೋಡಿ ಮತ್ತೆ ಪರಿಚಯಿಸಿದ. ಇವೆಲ್ಲ ಹುಳುವನ್ನು ಮಂಕಾಗಿಸಿ ಇಡಿಯಾಗಿ ಹೊರಹಾಕುತ್ತಿದ್ದವು. ವೈದ್ಯರು ಮಲವನ್ನು ಜರಡಿ ಹಿಡಿದು ತಲೆ ಹುಡುಕುತ್ತಿದ್ದರು. ತಲೆ ಸಿಕ್ಕರೆ ರೋಗ ವಾಸಿಯಾಯಿತೆಂಬುದೂ, ಹುಳು ಯಾವುದೆಂಬುದೂ ಒಟ್ಟಿಗೇ ತಿಳಿಯುತ್ತಿತ್ತು. 1960ರ ದಶಕದಲ್ಲಿ ಬಂದ ನಿಕ್ಲೋಸಮೈಡ್, ಆಮೇಲಿನ ಪ್ರಾಜಿಕ್ವಾಂಟೆಲ್ ರೋಗಿಗೆ ದೊಡ್ಡ ವರವಾದವು. ಆದರೆ ಈ ಮದ್ದುಗಳಿಗೆ ಸತ್ತ ಹುಳು ಕರುಳಿನಲ್ಲೇ ಕರಗಿ ಚೂರಾಗಿಬಿಡುತ್ತದೆ. ತಲೆ ಸಿಗುವುದು ಅಪರೂಪವಾಯಿತು.

ಜಾತಿ ತಿಳಿಯದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಭಾರತದ ಇತಿಹಾಸವೇ ಸಾಕ್ಷಿ. ಮಿದುಳಿನಲ್ಲಿ ಸೋಲಿಯಂ ಗುಳ್ಳೆಗಳಿದ್ದ ಮೊದಲ ಪ್ರಕರಣ ಇಲ್ಲಿ ವರದಿಯಾದದ್ದು 1888ರಲ್ಲಿ, ಮದರಾಸಿನಿಂದ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಭಾರತದಲ್ಲಿ ಸೇವೆ ಮುಗಿಸಿ ಊರಿಗೆ ಮರಳಿದ ಬ್ರಿಟಿಷ್ ಸೈನಿಕರಲ್ಲಿ ವರ್ಷಗಳ ನಂತರ ಮೂರ್ಛೆರೋಗ ಕಾಣಿಸಿಕೊಳ್ಳತೊಡಗಿತು. ಸೇನಾ ವೈದ್ಯ ವಿಲಿಯಂ ಮ್ಯಾಕ್‌ಆರ್ಥರ್ ಅದರ ಮೂಲ ಹಂದಿಯ ಲಾಡಿಹುಳುವೆಂದು ಗುರುತಿಸಿದ. ಡಿಕ್ಸನ್ ಮತ್ತು ಲಿಪ್ಸ್‌ಕೋಂಬ್ 1961ರಲ್ಲಿ ಅಂಥ 450 ರೋಗಿಗಳ ವಿವರ ಪ್ರಕಟಿಸಿದರು.

1980ರ ದಶಕದಲ್ಲಿ ಸಿ.ಟಿ. ಸ್ಕ್ಯಾನ್ ಬಂದಾಗ ಭಾರತದಲ್ಲಿ ಫಿಟ್ಸ್ ಬಂದ ಎಷ್ಟೋ ಮಂದಿಯ ಮಿದುಳಿನಲ್ಲಿ ಒಂದೇ ಒಂದು ಸಣ್ಣ ಗಂಟು ಕಾಣಿಸಿತು. ಅದನ್ನು ಕ್ಷಯದ ಗಂಟೆಂದು ಭಾವಿಸಿ ತಿಂಗಳುಗಟ್ಟಲೆ ಕ್ಷಯದ ಮಾತ್ರೆ ನುಂಗಿಸಿದ್ದುಂಟು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಮ್ಯಾಥ್ಯೂ ಚಾಂಡಿ, ವೇದಾಂತಂ ರಾಜಶೇಖರ್ ಮತ್ತವರ ಸಂಗಡಿಗರು ಅಂಥ ಗಂಟುಗಳನ್ನು ಹೊರತೆಗೆದು ಪರೀಕ್ಷಿಸಿದಾಗ ಬಹುಪಾಲು ಸೋಲಿಯಂನ ಮರಿಯಿಂದಾದವು ಎಂದು ಸಿದ್ಧವಾಯಿತು. ಸ್ಕ್ಯಾನ್ ನೋಡಿಯೇ ಅದನ್ನು ಹೇಳುವ ಲಕ್ಷಣಗಳನ್ನೂ ಅವರು ಗೊತ್ತುಮಾಡಿದರು. ಕ್ಷಯದ ಮದ್ದಿನ ಹೊರೆಯಿಂದ ಅನೇಕ ರೋಗಿಗಳು ಪಾರಾದದ್ದು ಈ ಕೆಲಸದಿಂದ; ನಮ್ಮ ದೇಶದ ವೈದ್ಯಕೀಯ ಇತಿಹಾಸದಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳಬೇಕಾದ ಅಧ್ಯಾಯ ಇದು.

ಈ ಕಾಯಿಲೆ ಹಂದಿಮಾಂಸ ತಿನ್ನುವವರಿಗೇ ಬರುವುದೆಂಬ ತಪ್ಪು ತಿಳಿವಳಿಕೆ ಇನ್ನೂ ಹೋಗಿಲ್ಲ. ಗುಳ್ಳೆಯಿರುವ ಮಾಂಸವನ್ನು ಸರಿಯಾಗಿ ಬೇಯಿಸದೆ ತಿಂದರೆ ಕರುಳಿನಲ್ಲಿ ಹುಳು ಬೆಳೆಯುತ್ತದೆ. ಮಿದುಳಿಗೆ ಗುಳ್ಳೆ ಬರುವುದು ಮಾತ್ರ ಆ ಹುಳುವಿನ ಮೊಟ್ಟೆ ಕೈಯಿಂದ, ನೀರಿನಿಂದ, ಹಸಿ ಸೊಪ್ಪಿನಿಂದ ಬಾಯಿಗೆ ಸೇರಿದಾಗ. ಹುಟ್ಟಿನಿಂದ ಸಸ್ಯಾಹಾರಿಯಾದವರಿಗೂ ಅದು ಬರುವುದು ಹೀಗೆ. 1990ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನಲ್ಲಿ ಹಂದಿಮಾಂಸವನ್ನು ಮುಟ್ಟದ ಸಂಪ್ರದಾಯಸ್ಥ ಯಹೂದಿ ಕುಟುಂಬಗಳಲ್ಲಿ ಈ ಕಾಯಿಲೆ ಕಂಡಾಗ ಮನೆಯಲ್ಲಿ ಅಡುಗೆ ಕೆಲಸಕ್ಕಿದ್ದವರ ಕರುಳಿನ ಹುಳುವೇ ಮೂಲವೆಂದು ತನಿಖೆ ಮಾಡಿದವರು ತೋರಿಸಿದರು. ಒಬ್ಬರ ಹೊಟ್ಟೆಯ ಹುಳು ಸೋಲಿಯಂ ಎಂದು ಗೊತ್ತಾದರೆ ಆ ಮನೆಯವರೆಲ್ಲರ ಬಗ್ಗೆ ಯೋಚಿಸಬೇಕಾಗುತ್ತದೆ.

ಮನುಷ್ಯನಲ್ಲಿ ಟೀನಿಯಾ ಜಾತಿಗಳು ಎರಡೇ ಎಂದುಕೊಂಡಿದ್ದ ಲೆಕ್ಕ ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಮತ್ತೆ ತಪ್ಪಿತು. ತೈವಾನಿನ ಗುಡ್ಡಗಾಡಿನ ಜನರಲ್ಲಿ ದನದ ಹುಳುವಿನಂತೆಯೇ ಕಾಣುವ ಹುಳು ಹೇರಳವಾಗಿತ್ತು. ಅವರು ತಿನ್ನುತ್ತಿದ್ದುದು ಮಾತ್ರ ಹಂದಿ, ಅದರಲ್ಲೂ ಹಸಿ ಪಿತ್ತಜನಕಾಂಗ. ಮರಿಯ ಗುಳ್ಳೆ ಮಾಂಸಖಂಡದಲ್ಲಿರದೆ ಪಿತ್ತಜನಕಾಂಗದಲ್ಲಿರುವುದರಿಂದ ಮಾಂಸ ತಪಾಸಣೆ ಮಾಡುವವರ ಕಣ್ಣಿಗೆ ಅದು ಬೀಳುತ್ತಿರಲಿಲ್ಲ. 1993ರಲ್ಲಿ ಕೊರಿಯಾದ ಇಯೋಮ್ ಮತ್ತು ರಿಮ್ ಅದಕ್ಕೆ ಟೀನಿಯಾ ಏಷಿಯಾಟಿಕಾ ಎಂಬ ಹೆಸರಿಟ್ಟರು. ಅದು ಪ್ರತ್ಯೇಕ ಜಾತಿಯೋ, ಸ್ಯಾಜಿನಾಟಾದ ಉಪಜಾತಿಯೋ ಎಂಬ ವಾದ ಕೆಲವು ವರ್ಷ ನಡೆಯಿತು. ಡಿ.ಎನ್.ಎ. ಪರೀಕ್ಷೆ ಬಂದ ಮೇಲೆ ಪ್ರತ್ಯೇಕ ಜಾತಿಯೆಂಬ ಅಭಿಪ್ರಾಯ ಬಲವಾಯಿತು. ಎರಡರ ಮಿಶ್ರಸಂತತಿಯೂ ಇದೆ ಎಂಬುದು ಅದೇ ಪರೀಕ್ಷೆಯಿಂದ ಹೊರಬಂತು.

ಈ ಹುಳುಗಳ ವಂಶಾವಳಿಯನ್ನು ಹೋಬರ್ಗ್ ಮತ್ತು ಸಂಗಡಿಗರು 2001ರಲ್ಲಿ ಬಿಡಿಸಿದಾಗ ಇನ್ನೊಂದು ಹಳೆಯ ನಂಬಿಕೆ ಬಿದ್ದುಹೋಯಿತು. ದನ, ಹಂದಿಗಳನ್ನು ಸಾಕಲು ಶುರುಮಾಡಿದ ಮೇಲೆ ಮನುಷ್ಯನಿಗೆ ಅವುಗಳಿಂದ ಲಾಡಿಹುಳು ಬಂತೆಂದು ಎಲ್ಲರೂ ಭಾವಿಸಿದ್ದರು. ಆದರೆ ಇವುಗಳ ಹತ್ತಿರದ ನೆಂಟರಿರುವುದು ಆಫ್ರಿಕಾದ ಸಿಂಹ, ಕತ್ತೆಕಿರುಬಗಳಲ್ಲಿ. ಆ ಪ್ರಾಣಿಗಳ ಬೇಟೆಯನ್ನೇ ಹಂಚಿಕೊಂಡು ಮಾಂಸ ತಿನ್ನಲು ಕಲಿತ ನಮ್ಮ ಪೂರ್ವಜರಿಗೆ ಹುಳು ಅಲ್ಲೇ ಅಂಟಿತು. ಪಶುಪಾಲನೆ ಬಂದಾಗ ದನ, ಹಂದಿಗಳಿಗೆ ಅದನ್ನು ದಾಟಿಸಿದವನು ಮನುಷ್ಯನೇ.

ಇಷ್ಟೆಲ್ಲ ಆದರೂ ಒಂದು ತೊಡಕು ಹಾಗೇ ಉಳಿದಿದೆ. ಮಲಪರೀಕ್ಷೆಯಲ್ಲಿ ಸಾಮಾನ್ಯವಾಗಿ ಕಾಣುವುದು ಮೊಟ್ಟೆ. ಸೋಲಿಯಂ, ಸ್ಯಾಜಿನಾಟಾ, ಏಷಿಯಾಟಿಕಾ ಮೂರರ ಮೊಟ್ಟೆಗಳೂ 30ರಿಂದ 43 ಮೈಕ್ರೋಮೀಟರ್ ಅಗಲದ, ದಪ್ಪ ಸಿಪ್ಪೆಯ, ಒಳಗೆ ಆರು ಕೊಕ್ಕೆಗಳ ಮರಿಯಿರುವ ದುಂಡು ಮೊಟ್ಟೆಗಳು. ಸೂಕ್ಷ್ಮದರ್ಶಕದಲ್ಲಿ ಅವುಗಳಲ್ಲಿ ಭೇದ ಕಾಣದು. ಪ್ರಯೋಗಾಲಯದ ವರದಿಯಲ್ಲಿ 'ಟೀನಿಯಾ ಮೊಟ್ಟೆಗಳು' ಎಂದಷ್ಟೇ ಇರುವುದು ಇದೇ ಕಾರಣಕ್ಕೆ. ಡಿ.ಎನ್.ಎ. ಪರೀಕ್ಷೆಯಿಂದ ಜಾತಿ ಹೇಳಬಹುದಾದರೂ ಅದು ತಾಲ್ಲೂಕು ಆಸ್ಪತ್ರೆಗಳಲ್ಲಿ ಸಿಗುವಂಥದಲ್ಲ. ಉಳಿದ ದಾರಿ ಹಳೆಯದೇ, ಅಂದರೆ ಖಂಡ. ಮಲದಲ್ಲಾಗಲಿ ಬಟ್ಟೆಯಲ್ಲಾಗಲಿ ಬಿಳಿಯ ಚಪ್ಪಟೆ ತುಣುಕು ಕಂಡವರು ನಾಚಿಕೆಯಿಂದ ಅದನ್ನು ಎಸೆದುಬಿಡಬಾರದು. ಬರಿಗೈಯಲ್ಲಿ ಮುಟ್ಟದೆ, ಕಡ್ಡಿಯಿಂದ ಎತ್ತಿ, ಬಿಗಿ ಮುಚ್ಚಳದ ಸೀಸೆಯಲ್ಲಿ ಸ್ವಲ್ಪ ಉಪ್ಪುನೀರಿನೊಂದಿಗೆ ಹಾಕಿ, ಕೈಯನ್ನು ಸೋಪಿನಿಂದ ತೊಳೆದುಕೊಂಡು, ಮದ್ದು ನುಂಗುವ ಮೊದಲೇ ಆಸ್ಪತ್ರೆಗೆ ಒಯ್ಯಬೇಕು. ಅದರ ಕವಲುಗಳನ್ನು ಎಣಿಸಿ ಹುಳು ಯಾವುದೆಂದು ಹೇಳಲು ಎರಡು ಗಾಜಿನ ಪಟ್ಟಿ, ಒಂದು ಹನಿ ಕಪ್ಪು ಶಾಯಿ ಸಾಕು.